ಎರಡೂ ಊರಲ್ಲಿ ಬಿಸಿಲು, ನಡುದಾರಿಯಲ್ಲಿ ಮಳೆ: ಕಾರಿನಲ್ಲಿ ಹೊರಡುವ ಮುನ್ನ ಹವಾಮಾನ ನೋಡುವುದು ಹೇಗೆ?

ಪ್ರಶ್ನೆ: ಮುಂದಿನ ವಾರ ಸುಮಾರು 550 ಕಿ.ಮೀ. ದೂರದ ಊರಿಗೆ ಕಾರಿನಲ್ಲಿ ಹೊರಟಿದ್ದೇವೆ. ನಾನು, ನಮ್ಮ ಮನೆಯವರು, ಇಬ್ಬರು ಮಕ್ಕಳು, ಜೊತೆಗೆ 72 ವರ್ಷದ ಅತ್ತೆ. ದಾರಿಯ ಮಧ್ಯೆ ದೊಡ್ಡ ಘಾಟಿ ಇದೆ. ಹೋದ ಸಲ ಇದೇ ದಾರಿಯಲ್ಲಿ ಹೋಗುವಾಗ ಹೊರಡುವ ಊರು, ತಲುಪುವ ಊರು ಎರಡಕ್ಕೂ ಮೊಬೈಲಿನಲ್ಲಿ ಬಿಸಿಲು ತೋರಿಸುತ್ತಿತ್ತು. ನಂಬಿ ಹೊರಟೆವು. ಸಂಜೆ ಐದರ ಹೊತ್ತಿಗೆ ಘಾಟಿಯಲ್ಲಿ ಗುಡುಗು, ಜೋರು ಮಳೆ, ಆಮೇಲೆ ಮಂಜು. ಮುಂದಿನ ಗಾಡಿಯ ಕೆಂಪು ದೀಪವೂ ಕಾಣುತ್ತಿರಲಿಲ್ಲ. ಗಂಟೆಗಟ್ಟಲೆ ಅಲ್ಲೇ ಸಿಕ್ಕಿಹಾಕಿಕೊಂಡೆವು, ಮಕ್ಕಳು ಹೆದರಿ ಅಳುತ್ತಿದ್ದರು. ಈಗ ಹೊರಡುವ ದಿನಕ್ಕೆ ಒಂದು ಆ್ಯಪ್ ಶೇ. 40 ಮಳೆ ಅನ್ನುತ್ತಿದೆ, ಇನ್ನೊಂದು ಶೇ. 70 ಅನ್ನುತ್ತಿದೆ. ಮನೆಯವರು "ಇವೆಲ್ಲ ಸುಮ್ನೆ, ಆಕಾಶ ನೋಡಿ ಹೊರಡೋಣ" ಅನ್ನುತ್ತಾರೆ. ಯಾವುದನ್ನು ನಂಬಬೇಕು? ಎಷ್ಟು ದಿನ ಮೊದಲಿನಿಂದ ನೋಡಬೇಕು? ದಾರಿಯಲ್ಲಿ ಏನು ಗಮನಿಸಬೇಕು? ಯಾವಾಗ ನಿಲ್ಲಿಸಬೇಕು ಅಂತ ತಿಳಿಯುವುದು ಹೇಗೆ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಪ್ರಶ್ನೆಗಳಿದ್ದರೂ ಒಳಗಿನ ಚಿಂತೆ ಒಂದೇ. ಮುನ್ಸೂಚನೆ ನೋಡಿಕೊಂಡೇ ಹೊರಟಿರಿ, ಆದರೂ ಸಿಕ್ಕಿಬಿದ್ದಿರಿ. ಹಾಗಿದ್ದ ಮೇಲೆ ನೋಡಿ ಏನು ಪ್ರಯೋಜನ ಅಂತ ಅನ್ನಿಸುವುದು ಸಹಜ. ಮಕ್ಕಳು, ವಯಸ್ಸಾದವರು ಕಾರಿನಲ್ಲಿರುವಾಗ ಆ ಅನುಭವ ಮನಸ್ಸಿನಲ್ಲಿ ಉಳಿದುಬಿಡುತ್ತದೆ.

ಆದರೆ ಹೋದ ಸಲ ಆ್ಯಪ್ ನಿಮಗೆ ಸುಳ್ಳು ಹೇಳಿರಲಿಕ್ಕಿಲ್ಲ. ಎರಡು ಊರಲ್ಲೂ ಆ ದಿನ ಬಿಸಿಲೇ ಇದ್ದಿರಬಹುದು. ಘಾಟಿಯಲ್ಲಿ ಸಂಜೆ ಐದಕ್ಕೆ ಹೇಗಿರುತ್ತದೆ ಅಂತ ಅದನ್ನು ಯಾರೂ ಕೇಳಿರಲಿಲ್ಲ, ಅಷ್ಟೇ. ರಸ್ತೆ ಸಾರಿಗೆಯವರಿಗೆ ಹವಾಮಾನ ಹೇಳುವ ಕೆಲಸದಲ್ಲಿ ನಾನು ಮತ್ತೆ ಮತ್ತೆ ನೋಡುವುದು ಇದನ್ನೇ. ಜನ ಊರಿನ ಹವಾಮಾನ ನೋಡಿಕೊಂಡು ದಾರಿಗೆ ಇಳಿಯುತ್ತಾರೆ. ಮನೆಯಲ್ಲಿ ಕೂತವರಿಗೆ ಒಂದು ಊರು, ಒಂದು ದಿನ, ಒಂದು ಚಿತ್ರ ಸಾಕು. ಕಾರಿನಲ್ಲಿ ಹೋಗುವವರು ಹತ್ತು ಗಂಟೆಯಲ್ಲಿ ಹತ್ತು ಬೇರೆ ಬೇರೆ ಹವಾಮಾನದ ಒಳಗೆ ಹಾದುಹೋಗುತ್ತಾರೆ. ಪ್ರತಿ ಜಾಗಕ್ಕೂ ನೀವು ಅಲ್ಲಿರುವ ಗಂಟೆಯ ಹವಾಮಾನ ಮಾತ್ರ ಮುಖ್ಯ.

ಘಾಟಿಗೆ ಬೇರೆಯದೇ ಲೆಕ್ಕ

ಬೆಟ್ಟಕ್ಕೆ ಗಾಳಿ ಬಡಿದಾಗ ಅದು ಮೇಲೆ ಏರಲೇಬೇಕು. ಏರಿದಂತೆ ತಣ್ಣಗಾಗುತ್ತದೆ. ವಾತಾವರಣದಲ್ಲಿ ಪ್ರತಿ 1000 ಮೀಟರ್ ಎತ್ತರಕ್ಕೆ ಉಷ್ಣಾಂಶ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಕಡಿಮೆಯಾಗುತ್ತದೆ. ತಣ್ಣಗಾದ ಗಾಳಿ ತನ್ನಲ್ಲಿರುವ ತೇವವನ್ನು ಹಿಡಿದಿಟ್ಟುಕೊಳ್ಳಲಾರದು. ಅದು ಮೋಡವಾಗುತ್ತದೆ, ಮಳೆಯಾಗುತ್ತದೆ. ಹಾಗಾಗಿ ಗಾಳಿ ಬಂದು ಬಡಿಯುವ ಮಗ್ಗುಲಲ್ಲಿ ಸುರಿಯುತ್ತಿರುವಾಗ, ಬೆಟ್ಟದ ಆಚೆ ಮಗ್ಗುಲಲ್ಲಿ ನೆಲ ಒಣಗಿರಬಹುದು. ಎರಡರ ನಡುವೆ ಕೆಲವೊಮ್ಮೆ 30 ಕಿ.ಮೀ. ಕೂಡ ಇರುವುದಿಲ್ಲ.

ಇನ್ನೊಂದು ವಿಷಯ. ಬಯಲಿನಲ್ಲಿ ಮೋಡ ಅಂದರೆ ತಲೆಯ ಮೇಲಿರುವುದು. ಘಾಟಿಯ ತುದಿಯಲ್ಲಿ ಅದೇ ಮೋಡ ರಸ್ತೆಯ ಮೇಲೇ ಕೂತಿರುತ್ತದೆ. ನೀವು ಅದನ್ನು ಮಂಜು ಅಂತ ಕರೆದಿರಿ. ಕೆಳಗಿನ ಊರಿನವರಿಗೆ ಅದು ಬರೀ ಮೋಡ ಕವಿದ ಸಂಜೆ. ಆದ್ದರಿಂದ ಬೆಟ್ಟದ ಬುಡದ ಊರಿಗೆ "ಮೋಡ" ಅಂತ ತೋರಿಸಿದರೆ, ಮೇಲಿನ ರಸ್ತೆಯಲ್ಲಿ ಕಣ್ಣು ಕಾಣದ ಸ್ಥಿತಿ ಇರಬಹುದು ಅಂತಲೇ ಲೆಕ್ಕ ಹಾಕಿ.

ಈ ಸಲ ಹೀಗೆ ಮಾಡಿ. ಮ್ಯಾಪ್ ತೆರೆದು ದಾರಿಯಲ್ಲಿ ಐದಾರು ಜಾಗ ಗುರುತಿಸಿಕೊಳ್ಳಿ. ದೊಡ್ಡ ಊರುಗಳನ್ನೇ ಹಿಡಿಯಬೇಕಿಲ್ಲ. ತೊಂದರೆ ಕೊಡಬಲ್ಲ ಜಾಗಗಳನ್ನು ಹಿಡಿಯಿರಿ: ಘಾಟಿಯ ಬುಡ, ಘಾಟಿಯ ತುದಿ, ನದಿ ದಾಟುವ ತಗ್ಗಿನ ಸೇತುವೆ, ಗಾಳಿಗೆ ಮರೆಯೇ ಇಲ್ಲದ ಉದ್ದನೆಯ ಬಯಲು. ಪ್ರತಿಯೊಂದರ ಮುಂದೆ ನೀವು ಅಲ್ಲಿ ತಲುಪುವ ಸಮಯ ಬರೆಯಿರಿ. ಊಟ, ಟೀ, ಮಕ್ಕಳಿಗಾಗಿ ನಿಲ್ಲುವುದು ಎಲ್ಲ ಸೇರಿಸಿಕೊಂಡೇ ಬರೆಯಿರಿ. ಮ್ಯಾಪ್ ಹೇಳುವ ಸಮಯಕ್ಕೆ ಯಾರೂ ತಲುಪುವುದಿಲ್ಲ. ಆಮೇಲೆ ಆಯಾ ಜಾಗದ, ಆಯಾ ಗಂಟೆಯ ಮುನ್ಸೂಚನೆ ನೋಡಿ. ಹತ್ತು ನಿಮಿಷದ ಕೆಲಸ. ಹೋದ ಸಲ ಇಷ್ಟು ಮಾಡಿದ್ದರೆ ಘಾಟಿಯ ತುದಿಗೆ ಸಂಜೆ ಗುಡುಗಿನ ಚಿತ್ರ ಬಹುಶಃ ಕಣ್ಣಿಗೆ ಬೀಳುತ್ತಿತ್ತು.

ಶೇ. 40 ಮತ್ತು ಶೇ. 70

ಈ ಅಂಕಿಯನ್ನು ತಪ್ಪಾಗಿ ಅರ್ಥ ಮಾಡಿಕೊಳ್ಳುವವರೇ ಜಾಸ್ತಿ. ಶೇ. 40 ಅಂದರೆ ಊರಿನ ನೂರರಲ್ಲಿ 40 ಭಾಗಕ್ಕೆ ಮಳೆ ಬರುತ್ತದೆ ಅಂತಲ್ಲ. ದಿನದ ನೂರರಲ್ಲಿ 40 ಭಾಗ ಮಳೆ ಸುರಿಯುತ್ತದೆ ಅಂತಲೂ ಅಲ್ಲ. ಮಳೆ ಜೋರೋ ಸಣ್ಣದೋ ಅನ್ನುವುದನ್ನಂತೂ ಅದು ಹೇಳುವುದೇ ಇಲ್ಲ. ಆ ಜಾಗದಲ್ಲಿ, ಆ ಅವಧಿಯಲ್ಲಿ, ಅಳೆಯಬಹುದಾದಷ್ಟು ಮಳೆ ಒಮ್ಮೆಯಾದರೂ ಬೀಳುವ ಸಾಧ್ಯತೆ ಎಷ್ಟು ಅನ್ನುವುದಷ್ಟೇ ಅದರ ಮಾತು.

"ಆ ಅವಧಿಯಲ್ಲಿ" ಅನ್ನುವುದನ್ನು ಗಮನಿಸಿ. ಒಂದು ಆ್ಯಪ್ ಒಂದು ಗಂಟೆಗೆ ಹೇಳುತ್ತಿರಬಹುದು, ಇನ್ನೊಂದು ಇಡೀ ದಿನಕ್ಕೆ. ಮಧ್ಯಾಹ್ನದಿಂದ ಸಂಜೆವರೆಗಿನ ಆರು ಗಂಟೆಗಳಲ್ಲಿ ಪ್ರತಿ ಗಂಟೆಗೂ ಶೇ. 20 ಇದೆ ಅಂದುಕೊಳ್ಳಿ. ಒಂದು ಗಂಟೆಯ ಮಳೆಗೂ ಇನ್ನೊಂದಕ್ಕೂ ಸಂಬಂಧವೇ ಇಲ್ಲದಿದ್ದರೆ, ಆರು ಗಂಟೆ ಸೇರಿಸಿ ನೋಡಿದಾಗ ಒಮ್ಮೆಯಾದರೂ ಮಳೆ ಬರುವ ಸಾಧ್ಯತೆ ಸುಮಾರು ಶೇ. 74 ಆಗುತ್ತದೆ. ನಿಜದಲ್ಲಿ ಸಂಬಂಧ ಇರುವುದರಿಂದ ಅದು ಸ್ವಲ್ಪ ಕಡಿಮೆ ಇರುತ್ತದೆ. ಆದರೂ ನೋಡಿ, ನಿಮ್ಮ ಎರಡೂ ಆ್ಯಪ್ ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತಿರಬಹುದು. ಯಾವುದು ಎಷ್ಟು ಹೊತ್ತಿಗೆ ಹೇಳುತ್ತಿದೆ ಅಂತ ಮೊದಲು ನೋಡಿಕೊಳ್ಳಿ.

ಶೇಕಡಾ ಅಂಕಿಗಿಂತ ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಅದರ ಪಕ್ಕದಲ್ಲಿ ಸಣ್ಣದಾಗಿ ಕಾಣುವ ಮಿ.ಮೀ. ಲೆಕ್ಕ. ಒಂದು ಮಿ.ಮೀ. ಮಳೆ ಅಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. ಗಂಟೆಗೆ ಎರಡೂವರೆ ಮಿ.ಮೀ. ಒಳಗಿದ್ದರೆ ಹಗುರ ಮಳೆ, ವೈಪರ್ ಹಾಕಿಕೊಂಡು ಹುಷಾರಾಗಿ ಹೋಗಬಹುದು. ಗಂಟೆಗೆ ಹತ್ತು ಮಿ.ಮೀ. ದಾಟಿದರೆ ಜೋರು ಮಳೆ, ರಸ್ತೆಯಲ್ಲಿ ನೀರು ನಿಲ್ಲಲು ಶುರುವಾಗುತ್ತದೆ. ಶೇ. 80 ಸಾಧ್ಯತೆಯ ಒಂದು ಮಿ.ಮೀ. ಮಳೆಗೆ ನಾನು ಪ್ರಯಾಣ ಬದಲಿಸುವುದಿಲ್ಲ. ಶೇ. 30 ಸಾಧ್ಯತೆಯ 40 ಮಿ.ಮೀ. ಮಳೆಗೆ ಖಂಡಿತ ಎರಡು ಸಲ ಯೋಚಿಸುತ್ತೇನೆ.

ಆ್ಯಪ್‌ಗಳು ನಿಜವಾಗಿಯೂ ಬೇರೆ ಬೇರೆ ಹೇಳುವುದೂ ಉಂಟು. ಕಾರಣ, ಅವುಗಳ ಹಿಂದಿರುವ ಕಂಪ್ಯೂಟರ್ ಮಾದರಿಗಳು ಬೇರೆ. ಭೂಮಿಯನ್ನು ಚೌಕಗಳಾಗಿ ಕತ್ತರಿಸಿ ಪ್ರತಿ ಚೌಕಕ್ಕೂ ಲೆಕ್ಕ ಹಾಕುವುದು ಈ ಮಾದರಿಗಳ ಕೆಲಸ. ಅಮೆರಿಕದ ಜಿಎಫ್‌ಎಸ್ ಮಾದರಿಯ ಚೌಕ ಸುಮಾರು 13 ಕಿ.ಮೀ. ಅಗಲ, ಯುರೋಪಿನ ಇಸಿಎಮ್‌ಡಬ್ಲ್ಯೂಎಫ್ ಕೇಂದ್ರದ ಮಾದರಿಯದು ಸುಮಾರು 9 ಕಿ.ಮೀ. ಇಷ್ಟು ದೊಡ್ಡ ಚೌಕದಲ್ಲಿ ಕಡಿದಾದ ಘಾಟಿ ಕೂಡ ಸವೆದ ದಿಬ್ಬವಾಗಿಬಿಡುತ್ತದೆ. ಗುಡುಗಿನ ಒಂದು ಮೋಡ ಕೆಲವೇ ಕಿ.ಮೀ. ಅಗಲ ಇರುತ್ತದೆ, ಅದು ಚೌಕದೊಳಗೆ ಕಳೆದೇಹೋಗುತ್ತದೆ. ಸಣ್ಣ ಚೌಕದ ಸ್ಥಳೀಯ ಮಾದರಿಗಳೂ ಇವೆ, ಆದರೆ ನಿಮ್ಮ ಆ್ಯಪ್ ಯಾವುದನ್ನು ಬಳಸುತ್ತದೆ ಅಂತ ಹೊರಗಿನಿಂದ ತಿಳಿಯುವುದು ಕಷ್ಟ.

ಎರಡನ್ನೂ ಕೂಡಿಸಿ ಭಾಗಿಸಿ ಶೇ. 55 ಅಂದುಕೊಳ್ಳಬೇಡಿ, ತಮಗೆ ಬೇಕಾದ ಅಂಕಿ ಬರುವವರೆಗೆ ಹೊಸ ಹೊಸ ಆ್ಯಪ್ ತೆರೆಯುತ್ತಲೂ ಹೋಗಬೇಡಿ. ಒಂದಕ್ಕೊಂದು ಹೊಂದದಿದ್ದರೆ, ಆ ದಿನದ ಬಗ್ಗೆ ಇನ್ನೂ ಗಟ್ಟಿಯಾಗಿ ಹೇಳಲು ಆಗುತ್ತಿಲ್ಲ ಅಂತ ತಿಳಿಯಿರಿ. ಅಂಥ ದಿನಕ್ಕೆ ಸಮಯವನ್ನು ಸಡಿಲವಾಗಿ ಇಟ್ಟುಕೊಳ್ಳಬೇಕು.

ಎಷ್ಟು ದಿನ ಮೊದಲಿನಿಂದ?

ನಿಮ್ಮ ಮನೆಯವರ ಮಾತಿಗೆ ಬರುತ್ತೇನೆ. ಮುನ್ಸೂಚನೆಗೆ ಮಿತಿ ಇದೆ ಅನ್ನುವುದು ನಿಜ. ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ 1963ರಲ್ಲೇ ತೋರಿಸಿದ್ದರು: ಆರಂಭದ ಅಳತೆಯಲ್ಲಿ ಚೂರು ವ್ಯತ್ಯಾಸ ಇದ್ದರೂ ದಿನ ಕಳೆದಂತೆ ಅದು ಬೆಳೆದು ಫಲಿತಾಂಶವನ್ನೇ ಬದಲಿಸಿಬಿಡುತ್ತದೆ. ಎರಡು ವಾರದ ಆಚೆಗೆ ಇಂಥ ದಿನ ಇಂಥ ಊರಲ್ಲಿ ಮಳೆ ಅಂತ ಹೇಳುವ ಯಾವ ಅಂಕಿಗೂ ಹೆಚ್ಚು ಬೆಲೆ ಕೊಡಬೇಕಿಲ್ಲ. ಆದರೆ ಅಷ್ಟರಿಂದ ಎಲ್ಲವೂ ಸುಮ್ನೆ ಅನ್ನಲು ಬರುವುದಿಲ್ಲ. ಮೂರರಿಂದ ಹತ್ತು ದಿನದ ಮುನ್ಸೂಚನೆ ಕಳೆದ ಕೆಲವು ದಶಕಗಳಲ್ಲಿ ದಶಕಕ್ಕೆ ಸುಮಾರು ಒಂದು ದಿನದಷ್ಟು ಸುಧಾರಿಸುತ್ತಾ ಬಂದಿದೆ. ಹತ್ತು ವರ್ಷದ ಹಿಂದೆ ನಾಲ್ಕು ದಿನಕ್ಕೆ ಎಷ್ಟು ನಂಬಬಹುದಿತ್ತೋ, ಈಗ ಐದು ದಿನಕ್ಕೆ ಹೆಚ್ಚುಕಡಿಮೆ ಅಷ್ಟು ನಂಬಬಹುದು.

ಎಷ್ಟು ಮುಂಚೆ ಗೊತ್ತಾಗುತ್ತದೆ ಅನ್ನುವುದು ಹವಾಮಾನದ ಗಾತ್ರದ ಮೇಲೆ ನಿಂತಿದೆ. ಚಂಡಮಾರುತ, ನೂರಾರು ಕಿ.ಮೀ. ಹರಡುವ ವಾಯುಭಾರ ಕುಸಿತ ಇವು ಕೆಲವು ದಿನ ಮೊದಲೇ ತಿಳಿಯುತ್ತವೆ. ಒಂದು ಘಾಟಿಯ ಮೇಲೆ ಏಳುವ ಗುಡುಗಿನ ಮೋಡ ಅಲ್ಲೇ, ಇಷ್ಟೇ ಹೊತ್ತಿಗೆ ಅಂತ ತಿಳಿಯುವುದು ಒಂದೆರಡು ಗಂಟೆ ಮೊದಲು ಮಾತ್ರ.

ಹಾಗಾಗಿ ಒಂದು ವಾರ ಮೊದಲು ನೋಡುವಾಗ ದೊಡ್ಡ ಗಂಡಾಂತರ ಏನಾದರೂ ಬರುತ್ತಿದೆಯಾ ಅಂತ ಮಾತ್ರ ನೋಡಿ. ಮೂರು ದಿನ ಇರುವಾಗ ಯಾವ ದಿನ ಹೊರಡಬೇಕು ಅಂತ ತೀರ್ಮಾನಿಸಿ. ಹಿಂದಿನ ರಾತ್ರಿ ಎಷ್ಟು ಗಂಟೆಗೆ ಹೊರಡಬೇಕು ಅನ್ನುವುದು. ಹೊರಡುವ ಬೆಳಗ್ಗೆ ಹವಾಮಾನ ಇಲಾಖೆಯ ಎಚ್ಚರಿಕೆ ಮತ್ತು ಮಳೆ ಈಗ ಎಲ್ಲಿ ಬೀಳುತ್ತಿದೆ ಅಂತ ತೋರಿಸುವ ರಾಡಾರ್ ಚಿತ್ರ. ವಾರದ ಮೊದಲೇ ಗಂಟೆಗಂಟೆಯ ಅಂಕಿ ನೋಡುತ್ತಾ ಕೂತರೆ ತಲೆಬಿಸಿ ಬಿಟ್ಟು ಬೇರೇನೂ ಸಿಗದು.

ಎಚ್ಚರಿಕೆಯ ಬಗ್ಗೆ ಒಂದು ಮಾತು. ಬಹಳ ದೇಶಗಳಲ್ಲಿ ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ ಎಚ್ಚರಿಕೆ ಕೊಡುತ್ತಾರೆ. ಸಾಮಾನ್ಯವಾಗಿ ಇಡೀ ಜಿಲ್ಲೆಗೆ ಅಥವಾ ಅಂಥ ದೊಡ್ಡ ಪ್ರದೇಶಕ್ಕೆ ಒಂದೇ ಬಣ್ಣ ಇರುತ್ತದೆ. ಹೋದ ಸಲ ಕಿತ್ತಳೆ ಬಣ್ಣ ಇದ್ದರೂ ನಮ್ಮಲ್ಲಿ ಹನಿಯೂ ಬೀಳಲಿಲ್ಲ ಅಂತ ಜನ ಹೇಳುವುದು ಇದರಿಂದಲೇ. ನಿಮ್ಮ ಬೀದಿಯಲ್ಲಿ ಬೀಳದಿದ್ದರೂ ಆ ಪ್ರದೇಶದ ಬೆಟ್ಟದಲ್ಲಿ ಬಿದ್ದಿರಬಹುದು. ನಿಮ್ಮ ರಸ್ತೆ ಆ ಬೆಟ್ಟದ ಮೇಲೇ ಹೋಗುತ್ತದೆ ಅಲ್ವಾ? ಘಾಟಿ ಇರುವ ಪ್ರದೇಶಕ್ಕೆ ಕೆಂಪು ಎಚ್ಚರಿಕೆ ಇದ್ದರೆ ಹೊರಡಬೇಡಿ. ಆ್ಯಪ್ ಏನೇ ತೋರಿಸಲಿ, ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ಆಕಾಶ ನೋಡಿ ಹೊರಟರೆ?

ಬೆಳಗ್ಗೆ ಆಕಾಶ ಶುಭ್ರವಾಗಿದೆ, ಆದ್ದರಿಂದ ಸಂಜೆವರೆಗೆ ತೊಂದರೆ ಇಲ್ಲ ಅನ್ನುವುದು ಬಹಳ ಹಳೆಯ ನಂಬಿಕೆ. ಗುಡುಗು ಮಳೆಯ ಕಾಲದಲ್ಲಿ ಅದು ತಲೆಕೆಳಗು. ಬೆಳಗಿನ ಶುಭ್ರ ಬಿಸಿಲು ನೆಲವನ್ನು ಕಾಯಿಸುತ್ತದೆ. ಕಾದ, ತೇವ ತುಂಬಿದ ಗಾಳಿ ಮಧ್ಯಾಹ್ನದ ಹೊತ್ತಿಗೆ ಮೇಲೇಳುತ್ತದೆ. ಮಧ್ಯಾಹ್ನ ಎರಡು ಮೂರರ ನಂತರ ಸಂಜೆವರೆಗೆ ಅದು ಗುಡುಗಾಗಿ ಒಡೆಯುತ್ತದೆ. ಬೆಟ್ಟದಲ್ಲಿ ಇದು ಇನ್ನೂ ಬೇಗ ಶುರುವಾಗುತ್ತದೆ. ನೀವು ಐದು ಗಂಟೆಗೆ ಘಾಟಿ ಹತ್ತಿದ್ದು ಇಡೀ ದಿನದಲ್ಲಿ ಅತಿ ಕೆಟ್ಟ ಹೊತ್ತು.

ಹಾಗಾದರೆ ನಸುಕಿನಲ್ಲೇ ಘಾಟಿ ದಾಟೋಣ ಅನ್ನಿಸುತ್ತದೆ. ಅಲ್ಲಿ ಬೇರೆ ತೊಂದರೆ ಕಾದಿರುತ್ತದೆ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಯಲ್ಲಿ ನೆಲ ಬೇಗ ತಣ್ಣಗಾಗುತ್ತದೆ. ಹಿಂದಿನ ದಿನ ಮಳೆ ಬಿದ್ದು ನೆಲ ಒದ್ದೆಯಾಗಿದ್ದರಂತೂ ಕಣಿವೆಗಳಲ್ಲಿ, ನದಿ ಪಕ್ಕದಲ್ಲಿ ದಟ್ಟ ಮಂಜು ಇಳಿಯುತ್ತದೆ. ಸೂರ್ಯ ಹುಟ್ಟುವ ಮುನ್ನ, ಹುಟ್ಟಿದ ಸ್ವಲ್ಪ ಹೊತ್ತಿನವರೆಗೆ ಅದು ಅತಿ ಜಾಸ್ತಿ ಇರುತ್ತದೆ. ಆ ದಿನಕ್ಕೆ ಆ್ಯಪ್ ಬಿಸಿಲಿನ ಚಿತ್ರವನ್ನೇ ತೋರಿಸುತ್ತಿರುತ್ತದೆ. ಅದೂ ಸರಿಯೇ, ಹಗಲಿಗೆ ಬಿಸಿಲು ಬರುತ್ತದೆ. ಮಂಜನ್ನು ಅಂದಾಜು ಮಾಡಲು ಆ್ಯಪ್‌ನಲ್ಲಿ ಉಷ್ಣಾಂಶದ ಜೊತೆ ಡ್ಯೂ ಪಾಯಿಂಟ್ ಅಂತ ಇರುವುದನ್ನು ನೋಡಿ. ಗಾಳಿಯ ತೇವ ಹನಿಯಾಗಲು ಶುರುವಾಗುವ ಉಷ್ಣಾಂಶ ಅದು. ರಾತ್ರಿಯ ಉಷ್ಣಾಂಶ ಅದಕ್ಕೆ ಎರಡು ಡಿಗ್ರಿಯಷ್ಟು ಹತ್ತಿರ ಬಂದು, ಗಾಳಿಯೂ ಬೀಸದಿದ್ದರೆ ಮಂಜು ನಿರೀಕ್ಷಿಸಿ.

ಎರಡನ್ನೂ ತೂಗಿ ನೋಡಿದರೆ ಘಾಟಿಗೆ ಒಳ್ಳೆಯ ಹೊತ್ತು ಬೆಳಗ್ಗೆ ಒಂಬತ್ತರಿಂದ ಮಧ್ಯಾಹ್ನ ಹನ್ನೆರಡರ ನಡುವೆ. ಮಂಜು ಕರಗಿರುತ್ತದೆ, ಗುಡುಗು ಇನ್ನೂ ಎದ್ದಿರುವುದಿಲ್ಲ. ಎಲ್ಲ ದಿನಕ್ಕೂ ಇದು ಹೊಂದುವುದಿಲ್ಲ. ದೊಡ್ಡ ವಾಯುಭಾರ ಕುಸಿತ ಇದ್ದರೆ ಹಗಲು ರಾತ್ರಿ ಒಂದೇ ಸಮ ಸುರಿಯುತ್ತದೆ. ಆದರೆ ನೀವು ಹೇಳಿದಂಥ ಸಂಜೆಯ ಗುಡುಗಿನ ದಿನಗಳಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಬಹಳ ಜನ ಬಿಟ್ಟುಬಿಡುವ ಇನ್ನೊಂದು ಸಂಗತಿ, ಕಳೆದ ಎರಡು ಮೂರು ದಿನ ಎಷ್ಟು ಮಳೆ ಬಿದ್ದಿದೆ ಅನ್ನುವುದು. ನಾಳೆಯದನ್ನು ಎಲ್ಲರೂ ನೋಡುತ್ತಾರೆ, ನಿನ್ನೆಯದನ್ನು ನೋಡುವುದಿಲ್ಲ. ನೀರು ಕುಡಿದ ಗುಡ್ಡ ಮಳೆ ನಿಂತು ಬಿಸಿಲು ಬಂದ ಮೇಲೂ ಕುಸಿಯಬಹುದು. ಮೇಲಿನ ಪ್ರದೇಶದ ಮಳೆ ಗಂಟೆಗಳ ನಂತರ, ಕೆಲವೊಮ್ಮೆ ಒಂದೆರಡು ದಿನದ ನಂತರ ಕೆಳಗಿನ ಸೇತುವೆಗೆ ಬರುತ್ತದೆ. ಘಾಟಿಯಲ್ಲಿ ಮೂರು ದಿನ ಸತತ ಮಳೆ ಬಿದ್ದಿದ್ದರೆ, ನಾಲ್ಕನೇ ದಿನ ಬಿಸಿಲಿನ ಚಿತ್ರ ಇದ್ದರೂ ಹೊರಡುವ ಮುನ್ನ ರಸ್ತೆ ತೆರೆದಿದೆಯಾ ಅಂತ ಪೊಲೀಸರನ್ನೋ ಅಲ್ಲಿನವರನ್ನೋ ಕೇಳಿಕೊಳ್ಳಿ.

ದಾರಿಯಲ್ಲಿರುವಾಗ

ಮೊದಲನೆಯದಾಗಿ, ಹವಾಮಾನ ನೋಡುವ ಕೆಲಸ ಸ್ಟೀರಿಂಗ್ ಹಿಡಿದವರದ್ದಲ್ಲ. 80 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಮೊಬೈಲಿನ ಮೇಲೆ ಮೂರು ಸೆಕೆಂಡ್ ಕಣ್ಣಿಟ್ಟರೆ 66 ಮೀಟರ್ ಕುರುಡಾಗಿ ಹೋದಂತೆ. ಮುಂದಿನ ಸೀಟಿನಲ್ಲಿ ಕೂತವರು ನೋಡಲಿ. ಇಲ್ಲವೇ ಕಾರು ನಿಲ್ಲಿಸಿದಾಗ ನೋಡಿ.

ರಾಡಾರ್ ಚಿತ್ರದಲ್ಲಿ ಈಗಿನ ಬಣ್ಣ ಮಾತ್ರ ನೋಡಿದರೆ ಸಾಲದು. ಕಳೆದ ಅರ್ಧ ಗಂಟೆಯ ಚಲನೆಯನ್ನು ಓಡಿಸಿ ನೋಡಿ. ಮಳೆಯ ಗುಂಪು ಯಾವ ದಿಕ್ಕಿಗೆ ಹೋಗುತ್ತಿದೆ, ಬೆಳೆಯುತ್ತಿದೆಯಾ, ಕರಗುತ್ತಿದೆಯಾ, ನಿಮ್ಮ ರಸ್ತೆಗೆ ಅಡ್ಡ ಬರುತ್ತಿದೆಯಾ, ಇಲ್ಲ ರಸ್ತೆಯ ಉದ್ದಕ್ಕೂ ನಿಮ್ಮ ಜೊತೆಗೇ ಸಾಗುತ್ತಿದೆಯಾ? ಅಡ್ಡ ದಾಟಿ ಹೋಗುವುದಾದರೆ ಅರ್ಧ ಗಂಟೆ ಟೀ ಕುಡಿದು ಹೊರಟರೆ ಮುಗಿಯಿತು. ಜೊತೆಗೇ ಸಾಗುತ್ತಿದ್ದರೆ ಇಡೀ ಸಂಜೆ ಅದರೊಳಗೇ ಇರುತ್ತೀರಿ.

ರಾಡಾರಿಗೂ ಮಿತಿ ಇದೆ, ಘಾಟಿಯಲ್ಲಂತೂ ಇದೆ. ಭೂಮಿ ಬಾಗಿರುವುದರಿಂದ ಅದರ ಕಿರಣ ದೂರ ಹೋದಂತೆ ನೆಲದಿಂದ ಮೇಲಕ್ಕೆ ಹೋಗುತ್ತದೆ. 200 ಕಿ.ಮೀ. ದೂರದಲ್ಲಿ ಅತಿ ಕೆಳಗಿನ ಕಿರಣವೂ ಸಾಮಾನ್ಯವಾಗಿ ಸುಮಾರು 4 ಕಿ.ಮೀ. ಎತ್ತರದಲ್ಲಿರುತ್ತದೆ. ಅದರ ಕೆಳಗಿನ ಮಳೆ ಅದಕ್ಕೆ ಕಾಣದು. ಬೆಟ್ಟ ಅಡ್ಡ ಬಂದರೂ ಅದರ ಹಿಂದಿನದು ಕಾಣದು. ಮೊಬೈಲಿಗೆ ಬರುವ ಹೊತ್ತಿಗೆ ಚಿತ್ರ ಹಲವು ನಿಮಿಷ ಹಳೆಯದಾಗಿರುತ್ತದೆ. ಕೆಲವು ಆ್ಯಪ್‌ಗಳಲ್ಲಿ ರಾಡಾರಿನಂತೆ ಕಾಣುವ ಚಿತ್ರ ನಿಜವಾದ ಅಳತೆಯೇ ಅಲ್ಲ, ಕಂಪ್ಯೂಟರ್ ಮಾದರಿಯ ಲೆಕ್ಕ. ಆದ್ದರಿಂದ ರಾಡಾರಿನಲ್ಲಿ ಬಣ್ಣ ಕಂಡರೆ ನಂಬಿ. ಕಾಣದಿದ್ದರೆ ಮಳೆಯೇ ಇಲ್ಲ ಅಂತ ತಿಳಿಯಬೇಡಿ.

ಘಾಟಿಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲದಿರುವುದೇ ಜಾಸ್ತಿ. ಕೊನೆಯ ಸಲ ನೋಡುವುದು, ಊರಿನಲ್ಲಿ ಕಾಯುತ್ತಿರುವವರಿಗೆ ಫೋನ್ ಮಾಡಿ ಹೇಳುವುದು ಎಲ್ಲ ಬುಡದಲ್ಲೇ ಮುಗಿಸಿ. ಆ ದಾರಿಯ ಮ್ಯಾಪ್ ಇಂಟರ್ನೆಟ್ ಇಲ್ಲದೆಯೂ ತೆರೆಯುವಂತೆ ಮೊದಲೇ ಇಳಿಸಿಕೊಂಡಿರಿ.

ಅಲ್ಲಿಂದ ಮುಂದೆ ನಿಮ್ಮ ಮನೆಯವರು ಹೇಳಿದ ಆಕಾಶ ಕೆಲಸಕ್ಕೆ ಬರುತ್ತದೆ. ಎದುರಿನಿಂದ ಬರುವ ಗಾಡಿಗಳು ಒದ್ದೆಯಾಗಿವೆಯಾ? ಹೆಡ್‌ಲೈಟ್ ಹಾಕಿಕೊಂಡು ಬರುತ್ತಿವೆಯಾ? ಇಷ್ಟು ಸಾಕು, ಮುಂದೆ ಏನಿದೆ ಅಂತ ತಿಳಿಯಲು. ಬುಡದಲ್ಲಿ ನಿಂತಿರುವ ಲಾರಿ ಚಾಲಕರನ್ನು ಕೇಳಿ. ಮೇಲಿನಿಂದ ಈಗಷ್ಟೇ ಇಳಿದು ಬಂದವರ ಮಾತು ಆ ಹೊತ್ತಿಗೆ ಯಾವ ಉಪಗ್ರಹಕ್ಕಿಂತಲೂ ತಾಜಾ. ಸೆಕೆ ಇದ್ದ ಕಡೆ ಇದ್ದಕ್ಕಿದ್ದಂತೆ ತಣ್ಣನೆ ಗಾಳಿ ಜೋರಾಗಿ ಬೀಸಿ ಧೂಳೆದ್ದರೆ ಗುಡುಗಿನ ಮೋಡ ಹತ್ತಿರದಲ್ಲೇ ಇದೆ. ನೀವಿರುವಲ್ಲಿ ಹನಿ ಬೀಳದಿದ್ದರೂ ಹಳ್ಳದ ನೀರು ಕೆಂಪಾಗಿ, ಕಡ್ಡಿ ಎಲೆ ಹೊತ್ತು ಬರುತ್ತಿದ್ದರೆ ಮೇಲೆ ಸುರಿದಿದೆ ಅಂತಲೇ ಅರ್ಥ.

ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಸೆಕೆಂಡ್ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿ.ಮೀ. ಲೆಕ್ಕ. ಸಿಡಿಲಿನಿಂದ ಕಾರಿನಲ್ಲಿರುವವರನ್ನು ಟೈರಿನ ರಬ್ಬರ್ ಕಾಪಾಡುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಕಾಪಾಡುವುದು ಸುತ್ತಲಿನ ಲೋಹದ ಮೈ. ವಿದ್ಯುತ್ತು ಅದರ ಹೊರಮೈಯಲ್ಲಿ ಹರಿದು ನೆಲಕ್ಕೆ ಇಳಿಯುತ್ತದೆ. ಗಾಜು ಏರಿಸಿ, ಲೋಹದ ಭಾಗ ಮುಟ್ಟದೆ ಒಳಗೇ ಕೂತಿರಿ. ಹೊರಗಿಳಿದು ಮರದ ಕೆಳಗೆ ನಿಲ್ಲಬೇಡಿ, ಕಾರನ್ನೂ ಮರದ ಕೆಳಗೆ ನಿಲ್ಲಿಸಬೇಡಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಬಯಲಿಗೆ ಇಳಿಯುವುದು ಬೇಡ.

ಯಾವಾಗ ನಿಲ್ಲಿಸಬೇಕು?

ಕಣ್ಣಿಗೆ ಕಾಣುವಷ್ಟು ದೂರದೊಳಗೆ ಕಾರು ನಿಲ್ಲಿಸಲು ಆಗಬೇಕು. ಇದೇ ಅಳತೆ. ಒಣ ರಸ್ತೆಯಲ್ಲಿ 80 ಕಿ.ಮೀ. ವೇಗದ ಕಾರು ಪೂರ್ತಿ ನಿಲ್ಲಲು 50 ಮೀಟರ್‌ಗಿಂತ ಹೆಚ್ಚು ಬೇಕು. ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿಯುವ ದೂರವೇ ಸುಮಾರು ಎರಡು ಪಟ್ಟಾಗುತ್ತದೆ. ಮಂಜಿನಲ್ಲಿ 50 ಮೀಟರ್ ಮುಂದೆ ಮಾತ್ರ ಕಾಣುತ್ತಿದ್ದರೆ 40ರ ವೇಗವೂ ಮೇಲ್ಮಿತಿ. ಘಾಟಿಯ ತಿರುವಿನಲ್ಲಿ ಅದೂ ಹೆಚ್ಚು. ಬಿಳಿ ಗೆರೆ ಸರಿಯಾಗಿ ಕಾಣದಾದರೆ ನಿಲ್ಲಿಸುವ ಜಾಗ ಹುಡುಕಿ. ರಸ್ತೆಯ ಅಂಚಿನಲ್ಲಿ ನಿಲ್ಲಿಸುವುದು ಬೇಡ, ಹಿಂದಿನವರಿಗೆ ನೀವು ಕಾಣುವುದಿಲ್ಲ. ರಸ್ತೆಯಿಂದ ಪೂರ್ತಿ ಹೊರಗೆ, ಗುಡ್ಡದ ಕಡಿದಾದ ಗೋಡೆಯ ಕೆಳಗಲ್ಲದ ಜಾಗ ಬೇಕು. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ಹನಿಗಳಿಗೆ ಬಡಿದು ನಿಮ್ಮ ಕಣ್ಣಿಗೇ ಬರುತ್ತದೆ, ಲೋ ಬೀಮ್ ಇರಲಿ. ಕಾರು ಓಡುತ್ತಿರುವಾಗ ಹಜಾರ್ಡ್ ಲೈಟ್ ಹಾಕಿಕೊಂಡರೆ ಕಾರು ನಿಂತಿದೆ ಅಂತ ಹಿಂದಿನವರಿಗೆ ಅನ್ನಿಸಬಹುದು, ತಿರುಗುವ ಸೂಚನೆಯೂ ಕಾಣುವುದಿಲ್ಲ. ಅದು ನಿಂತಾಗ ಬಳಸಲು ಇರುವುದು.

ನೀರಿನ ಬಗ್ಗೆ ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ರಸ್ತೆಯ ಮೇಲೆ ಹರಿಯುವ 30 ಸೆಂ.ಮೀ. ನೀರು ಸಣ್ಣ ಕಾರನ್ನು ತೇಲಿಸಬಲ್ಲದು. 60 ಸೆಂ.ಮೀ. ನೀರು ದೊಡ್ಡ ಎಸ್‌ಯುವಿಯನ್ನೂ ಒಯ್ಯಬಲ್ಲದು. ಗಾಡಿ ಎತ್ತರವಿದೆ, ಭಾರವಿದೆ, ಏನೂ ಆಗುವುದಿಲ್ಲ ಅನ್ನುವ ಧೈರ್ಯಕ್ಕೆ ಆಧಾರವಿಲ್ಲ. ಗಾಡಿ ನೀರನ್ನು ಎಷ್ಟು ಜರುಗಿಸುತ್ತದೋ ನೀರು ಅಷ್ಟೇ ಬಲದಿಂದ ಅದನ್ನು ಮೇಲೆತ್ತುತ್ತದೆ. ಕೆಳಗೆ ರಸ್ತೆ ಇದೆಯೋ ಕೊಚ್ಚಿಹೋಗಿದೆಯೋ ಅದೂ ಕಾಣುವುದಿಲ್ಲ, ರಾತ್ರಿಯಂತೂ ಇಲ್ಲವೇ ಇಲ್ಲ. ಮುಂದಿನ ಕಾರು ದಾಟಿತು ಅಂತ ನೀವು ಇಳಿಯಬೇಡಿ. ಹರಿಯುವ ನೀರು ಕಂಡರೆ ಹಿಂದಿರುಗಿ.

ಗಾಳಿಗೆ ಬಂದರೆ, ಸರಾಸರಿ ವೇಗಕ್ಕಿಂತ ಒಮ್ಮೆಲೇ ಬೀಸುವ ಗಾಳಿಯ ವೇಗ ನೋಡಿ. ಕಾರಿನ ಮೇಲೆ ಲಗೇಜ್ ಕಟ್ಟಿದ್ದರೆ ಉದ್ದನೆಯ ಸೇತುವೆಯ ಮೇಲೆ ನಿಧಾನವಾಗಿ ಹೋಗಿ. ಹಿಮ ಬೀಳುವ ಪ್ರದೇಶದಲ್ಲಿ ಉಷ್ಣಾಂಶ ಮೂರು ಡಿಗ್ರಿಗೆ ಇಳಿದರೇ ಎಚ್ಚರ ಬೇಕು. ಸೇತುವೆಗಳ ಮೇಲೆ ಬೇರೆ ರಸ್ತೆಗಿಂತ ಮೊದಲು ನೀರು ಹೆಪ್ಪುಗಟ್ಟುತ್ತದೆ.

ನಿಮ್ಮ ಪ್ರಯಾಣಕ್ಕೆ

ಮೊದಲನೆಯ ಆಯ್ಕೆ, ಒಂದೇ ದಿನದಲ್ಲಿ ಹೋಗುವುದು. ಹೋದ ಸಲ ಘಾಟಿಗೆ ಸಂಜೆ ಐದಕ್ಕೆ ತಲುಪಿದ್ದಿರಿ ಅಂದರೆ, ಮಧ್ಯಾಹ್ನದೊಳಗೆ ದಾಟಲು ಐದಾರು ಗಂಟೆ ಮುಂಚೆ ಹೊರಡಬೇಕು. ಅಂದರೆ ನಿದ್ದೆಗೆಟ್ಟ ಚಾಲಕ ಕತ್ತಲಲ್ಲಿ ಓಡಿಸಬೇಕಾಗುತ್ತದೆ. ಆ ಅಪಾಯ ಮಳೆಯದ್ದಕ್ಕಿಂತ ಕಡಿಮೆಯದ್ದಲ್ಲ. ಎರಡನೆಯದು, ಘಾಟಿ ತಪ್ಪಿಸಿ ಸುತ್ತು ದಾರಿಯಲ್ಲಿ ಹೋಗುವುದು. ಮಂಜು, ಗುಡ್ಡ ಕುಸಿತ ತಪ್ಪುತ್ತದೆ. ಆದರೆ ಬಯಲಿನ ದಾರಿಯಲ್ಲಿ ತಗ್ಗಿನ ಸೇತುವೆಗಳಿದ್ದರೆ ಅಲ್ಲಿ ನೀರು ನಿಲ್ಲುತ್ತದೆ, ಅದನ್ನು ಮೊದಲೇ ವಿಚಾರಿಸಿ. ಮೂರನೆಯದು, ಘಾಟಿಯ ಬುಡದ ಊರಿನಲ್ಲಿ ರಾತ್ರಿ ಉಳಿದು, ಮರುದಿನ ಒಂಬತ್ತರ ನಂತರ ಹತ್ತುವುದು. ಖರ್ಚು ಇದೆ, ಒಂದು ದಿನ ಹೋಗುತ್ತದೆ. ಅತ್ತೆ ಮತ್ತು ಮಕ್ಕಳು ಜೊತೆಗಿರುವುದರಿಂದ ನನ್ನ ಸಲಹೆ ಇದೇ. ಅಷ್ಟು ಹೊತ್ತು ಒಂದೇ ಸಮ ಕೂರುವುದು 72ರ ವಯಸ್ಸಿಗೆ ಹೇಗೂ ಕಷ್ಟ.

ಯಾವುದನ್ನೇ ಆರಿಸಿಕೊಳ್ಳಿ, ನೀವು ಮತ್ತು ಮನೆಯವರು ಒಂದು ಸಮಯವನ್ನು ಮನೆಯಲ್ಲೇ ಕೂತು ಗೊತ್ತುಮಾಡಿಕೊಳ್ಳಿ. ಮಧ್ಯಾಹ್ನ ಒಂದರೊಳಗೆ ಘಾಟಿಯ ಬುಡ ತಲುಪದಿದ್ದರೆ ಆ ದಿನ ಹತ್ತುವುದಿಲ್ಲ ಅಂತ ಇರಲಿ. ಅಲ್ಲಿ ಉಳಿಯುವ ಜಾಗದ ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ದಾರಿಯ ಮಧ್ಯೆ, ಎಲ್ಲರಿಗೂ ದಣಿವಾಗಿ ಇನ್ನೊಂದು ಗಂಟೆಯಲ್ಲಿ ತಲುಪಿಬಿಡುತ್ತೇವೆ ಅನ್ನಿಸುವಾಗ ತೀರ್ಮಾನ ಮಾಡಲು ಹೋದರೆ ಯಾವಾಗಲೂ "ಹೋಗೋಣ" ಅನ್ನುವುದೇ ಗೆಲ್ಲುತ್ತದೆ.

ವಾಪಸ್ ಬರುವ ದಿನದ ಬಗ್ಗೆ ನೀವು ಕೇಳಿಲ್ಲ, ಆದರೆ ನನಗೆ ಹೆಚ್ಚು ಚಿಂತೆ ಅದರದ್ದೇ. ಹೊರಡುವಾಗ ಇಷ್ಟೆಲ್ಲ ನೋಡುವವರು ಬರುವಾಗ ಏನೂ ನೋಡುವುದಿಲ್ಲ. ಮರುದಿನ ಆಫೀಸು, ಶಾಲೆ ಅಂತ ಎಂಥ ಮಳೆಯಲ್ಲೂ ಹೊರಟುಬಿಡುತ್ತಾರೆ. ಈಗ ಕಾಣುವ ವಾಪಸ್ ದಿನದ ಮುನ್ಸೂಚನೆ ಹೊರಡುವ ದಿನದ್ದಕ್ಕಿಂತ ಸಡಿಲ, ಅದನ್ನು ಅಲ್ಲಿ ತಲುಪಿದ ಮೇಲೆ ಮತ್ತೆ ಹೊಸದಾಗಿ, ಜಾಗ ಜಾಗಕ್ಕೆ, ಗಂಟೆ ಗಂಟೆಗೆ ನೋಡಬೇಕು. ನೀವು ಅಲ್ಲಿದ್ದಾಗ ಘಾಟಿಯಲ್ಲಿ ಎಷ್ಟು ಮಳೆ ಬಿತ್ತು ಅನ್ನುವುದನ್ನೂ ನೋಡಿಕೊಳ್ಳಿ. ಸಾಧ್ಯವಾದರೆ ಈಗಲೇ ರಜೆಗೆ ಒಂದು ದಿನ ಹೆಚ್ಚು ಬರೆದುಕೊಡಿ.